ಗುಮಾನಿ

ಕಂಪ್ಯೂಟರಿನ ವೈ-ಫೈ ಕೆಟ್ಟರೆ ರಿಪೇರಿಯವರನ್ನು ಕರೆಯಬೇಕು, ಅದರ ಮೇಲೆ ಲೇಖನ ಬರೆಯುವುದೇನಿದೆ ಎಂದು ಓದುಗರು ಕೇಳಬಹುದು. ನಮಗೂ ಹಾಗೇ ಅನ್ನಿಸಿತ್ತು. ಆದರೆ 2021ರ ಮಳೆಗಾಲದಲ್ಲಿ ಕೊಟ್ಟೂರಿನ ನಮ್ಮ ಮನೆಯಲ್ಲಿ ನಡೆದದ್ದು ಬರೀ ಯಂತ್ರದ ರಿಪೇರಿಯಾಗಿ ಉಳಿಯಲಿಲ್ಲ. ಇಷ್ಟು ವರ್ಷವಾದರೂ ಆ ಒಂಬತ್ತು ದಿನಗಳ ನೆನಪು ಬಂದರೆ ಕಟ್ಟೆಯ ಮೇಲೆ ಕೂತವರ ಮುಖ ನೋಡಲು ಹಿಂಜರಿಯುತ್ತೇವೆ.

ಮೊದಲು ನಮ್ಮ ಮನೆಯ ಬಗ್ಗೆ ಹೇಳಬೇಕು. ಅದು ಹಳೇ ಮಾಳಿಗೆ ಮನೆ. ಈ ಸೀಮೆಯಲ್ಲಿ ಅಂಥ ಮನೆಗಳು ಇನ್ನೂ ಉಳಿದಿವೆ. ಮಣ್ಣಿನ ಮಾಳಿಗೆ, ನಡುವೆ ಬೆಳಕಿಂಡಿ, ಎರಡು ಅಡಿ ದಪ್ಪದ ಕಲ್ಲುಮಣ್ಣಿನ ಗೋಡೆ. ಬೇಸಿಗೆಯಲ್ಲಿ ಒಳಗೆ ಕೂತರೆ ಸುಖ. ಆದರೆ ಮೊಬೈಲು ಬಂದ ಮೇಲೆ ಅದೇ ಗೋಡೆ ಶಾಪವಾಯಿತು. ಒಳಕೋಣೆಯಲ್ಲಿ ಸಿಗ್ನಲ್ ಒಂದು ಕಡ್ಡಿಯೂ ಇರುತ್ತಿರಲಿಲ್ಲ. ಯಾರಿಗಾದರೂ ಫೋನ್ ಬಂದರೆ ಓಡಿಹೋಗಿ ಬೀದಿ ಕಟ್ಟೆಯ ಮೇಲೆ ನಿಂತು ಮಾತಾಡಬೇಕು, ಇಲ್ಲವೇ ಮಾಳಿಗೆ ಹತ್ತಬೇಕು. ಮನೆಯ ಗುಟ್ಟು ಯಾವುದೂ ಓಣಿಗೆ ಗೊತ್ತಿಲ್ಲದೆ ಉಳಿಯುತ್ತಿರಲಿಲ್ಲ.

2020ರಲ್ಲಿ ಕರೋನಾ ಬಂದು ಶಾಲೆ ಕಾಲೇಜು ಮುಚ್ಚಿದಾಗ ಮಕ್ಕಳ ಪಾಠಕ್ಕೆಂದು ಮನೆಗೆ ಇಂಟರ್‌ನೆಟ್ ಹಾಕಿಸಿದೆವು. ಕಂಬದಿಂದ ಕಂಬಕ್ಕೆ ಜೋತುಬಿದ್ದ ತೆಳ್ಳಗಿನ ವೈರು ಪಡಸಾಲೆಗೆ ಬಂತು. ಅಲ್ಲಿ ಎರಡು ಕೊಂಬಿನ ರೂಟರ್ ಕೂತಿತು. ಒಳಕೋಣೆಯಲ್ಲಿ ಅಬ್ಬಾನ ಹಳೇ ಕಂಪ್ಯೂಟರಿತ್ತು. ಅಬ್ಬಾ ಉರ್ದು ಶಾಲೆಯ ಮಾಸ್ತರರಾಗಿದ್ದರು. ನಿವೃತ್ತಿಯ ನಂತರ, 2011ರಲ್ಲಿ, ಉರ್ದು ಪತ್ರಿಕೆಗಳನ್ನು ತೆರೆಯ ಮೇಲೆ ದೊಡ್ಡ ಅಕ್ಷರದಲ್ಲಿ ಓದಬಹುದೆಂದು ಪಿಂಚಣಿ ದುಡ್ಡಿನಲ್ಲಿ ಅದನ್ನು ಕೊಂಡಿದ್ದರು. 2016ರಲ್ಲಿ ಅವರು ತೀರಿಕೊಂಡರು, ಕಂಪ್ಯೂಟರು ಉಳಿಯಿತು. ಅದರ ಬೆನ್ನಿಗೆ ಬೆರಳುದ್ದದ ವೈ-ಫೈ ಡಾಂಗಲ್ ಸಿಕ್ಕಿಸಿ ಮಗಳು ಪಿಯುಸಿ ಪಾಠ ಕೇಳುತ್ತಿದ್ದಳು. ನಾವು ಅದರಲ್ಲೇ ಕತೆಗಳನ್ನು ಬೆರಳಚ್ಚು ಮಾಡಿ ಪತ್ರಿಕೆಗಳಿಗೆ ಕಳಿಸುತ್ತಿದ್ದೆವು.

ಪಕ್ಕದ ಮನೆಯಲ್ಲಿ ಒಬ್ಬ ಹುಡುಗನಿದ್ದ. ಆ ವರ್ಷ ಎಸ್ಸೆಸ್ಸೆಲ್ಸಿ. ಕೊಟ್ಟೂರಿನ ಅರ್ಧ ಗಂಡುಮಕ್ಕಳಂತೆ ಅವನಿಗೂ ಊರಿನ ಗುರುವಿನ ಹೆಸರೇ ಇಟ್ಟಿದ್ದರು. ಅಪ್ಪ ಮಾರುಕಟ್ಟೆ ಅಂಗಳದಲ್ಲಿ ಹಮಾಲಿ, ಅಮ್ಮ ಹೊಲದ ಕೂಲಿ. ಮನೆಗೆಲ್ಲ ಸೇರಿ ಒಂದೇ ಟಚ್ ಫೋನು. ಲಾಕ್‌ಡೌನಿನಲ್ಲಿ ಕೂಲಿ ನಿಂತಾಗ ರೀಚಾರ್ಜೂ ನಿಂತಿತು. ಒಂದು ದಿನ ಅವನ ತಾಯಿ ಬಾಗಿಲಲ್ಲಿ ನಿಂತು, "ಅಮ್ಮಾರೆ, ನಿಮ್ಮ ನೆಟ್ ಕಟ್ಟೀ ತನ ಬರ್ತೈತಂತಲ್ರಿ, ನಮ್ಮ ಹುಡುಗ ಅಲ್ಲೇ ಕುಂತು ಪಾಠ ಕೇಳ್ಲೇನ್ರಿ?" ಎಂದು ಅಮ್ಮಿಯನ್ನು ಕೇಳಿದಳು. ಅಮ್ಮಿ ನಮ್ಮ ಕಡೆ ನೋಡಲೂ ಇಲ್ಲ, "ಇದಕ್ಕೇನು ಕೇಳಬೇಕಾ?" ಎಂದುಬಿಟ್ಟರು. ಮಗಳು ಪಾಸ್‌ವರ್ಡ್ ಹಾಕಿಕೊಟ್ಟಳು. ಅಂದಿನಿಂದ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಹುಡುಗ ನೋಟ್‌ಬುಕ್ಕು ಹಿಡಿದು ಕಟ್ಟೆಗೆ ಬರುತ್ತಿದ್ದ. ಚಂದನ ವಾಹಿನಿಯಲ್ಲಿ ತಪ್ಪಿಹೋದ ಪಾಠಗಳನ್ನೂ ಮೇಷ್ಟ್ರು ಗ್ರೂಪಿಗೆ ಹಾಕಿದ ವಿಡಿಯೋಗಳನ್ನೂ ನೋಡಿ ಬರೆದುಕೊಳ್ಳುತ್ತಿದ್ದ. ಅಮ್ಮಿ ಚಹಾ ಕಳಿಸುತ್ತಿದ್ದರು.

ಈ ಸುದ್ದಿ ಹರಪನಹಳ್ಳಿಯಲ್ಲಿರುವ ನಮ್ಮ ಭಾಯಿಜಾನ್ ಕಿವಿಗೆ ಬಿತ್ತು. ಫೋನಿನಲ್ಲೇ ಸಿಡಿದರು. "ನಕ್ಕೋ, ಬಿಲ್ಕುಲ್ ನಕ್ಕೋ! ಯಾರಿಗೂ ಪಾಸ್‌ವರ್ಡ್ ಕೊಡಬಾರದು. ಆ ಹುಡುಗ ಒಳ್ಳೆಯವನೇ ಇರಬಹುದು. ಅವನಿಂದ ಇನ್ನೊಬ್ಬ ಇಸಕೊಂಡರೆ? ಆ ಇನ್ನೊಬ್ಬ ಎಲ್ಲಿಗೋ ಏನೋ ಕಳಿಸಿದರೆ? ಪೊಲೀಸರು ಹುಡುಕಿಕೊಂಡು ಬರೋದು ಲೈನ್ ಯಾರ ಹೆಸರಿಗಿದೆಯೋ ಅವರ ಮನೆಗೆ. ನಮ್ಮ ಹೆಸರು ನೋಡಿದ ಮೇಲೆ ಅವರು ಇನ್ನೇನು ಕೇಳ್ತಾರೆ?"

ಭಾಯಿಜಾನ್ ಮಾತನ್ನು ಸುಳ್ಳೆಂದು ತಳ್ಳಿಹಾಕುವಂತಿರಲಿಲ್ಲ. 2008ರ ಜುಲೈನಲ್ಲಿ ಅಹಮದಾಬಾದಿನಲ್ಲಿ ಸ್ಫೋಟಗಳಾದಾಗ ಹೊಣೆ ಹೊತ್ತುಕೊಂಡ ಇಮೇಲ್ ನವಿ ಮುಂಬೈಯಲ್ಲಿ ಬಾಡಿಗೆಗಿದ್ದ ಒಬ್ಬ ಅಮೆರಿಕನ್ನನ ವೈ-ಫೈ ಮೂಲಕ ಹೋಗಿತ್ತು. ಪಾಸ್‌ವರ್ಡಿನ ಕಾವಲಿಲ್ಲದ ಸಂಪರ್ಕವನ್ನು ಯಾರೋ ಬಳಸಿಕೊಂಡಿದ್ದರು. ಆತ ದಿನಗಟ್ಟಲೆ ವಿಚಾರಣೆ ಎದುರಿಸಬೇಕಾಯಿತು. ಅವನಿಗೇ ಹಾಗಾದರೆ ನಮ್ಮಂಥವರ ಗತಿ ಏನು ಎಂದು ಆಗ ನಮ್ಮ ಮನೆಗಳಲ್ಲಿ ಮಾತಾಡಿಕೊಂಡದ್ದು ನೆನಪಿದೆ. ಭಾಯಿಜಾನ್‌ಗೆ ಹೂಂ ಅಂದೆವು. ಪಾಸ್‌ವರ್ಡ್ ಬದಲಿಸಲಿಲ್ಲ. ಆದರೆ ಆ ಮಾತು ಮನಸ್ಸಿನ ಮೂಲೆಯಲ್ಲಿ ಕೂತುಬಿಟ್ಟಿತು.

2021ರ ಜೂನ್ ಕೊನೆಗೆ ಒಂದು ರಾತ್ರಿ ಗಾಳಿಮಳೆ. ಕರೆಂಟು ಹೋದದ್ದು ಮರುದಿನ ಮಧ್ಯಾಹ್ನ ಬಂತು. ಬಂದ ಮೇಲೆ ಕಂಪ್ಯೂಟರ್ ಹಾಕಿದರೆ ಕಪ್ಪು ತೆರೆಯ ಮೇಲೆ ಬಿಳಿ ಇಂಗ್ಲಿಷ್ ಅಕ್ಷರ ಮೂಡಿ ನಿಂತಿತು. ಎಫ್1 ಒತ್ತಿದರೆ ಮುಂದಕ್ಕೆ ಹೋಯಿತು. ಹಳೇ ಯಂತ್ರದ ಮುನಿಸು ಅಂದುಕೊಂಡೆವು. ವೈ-ಫೈ ಗುರುತೂ ಬಂತು, ನಾಲ್ಕಕ್ಕೆ ಮೂರು ಕಡ್ಡಿ. ಆದರೆ ಒಂದು ತಾಣವೂ ತೆರೆಯಲೊಲ್ಲದು. ಏನು ಒತ್ತಿದರೂ ಕೆಂಪು ಗುರುತಿನ ಎಚ್ಚರಿಕೆ ಬರುತ್ತಿತ್ತು. ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ, ದಾಳಿಕೋರರು ನಿಮ್ಮ ಮಾಹಿತಿ ಕದಿಯಲು ಯತ್ನಿಸುತ್ತಿರಬಹುದು ಎಂದು ಅದರ ಅರ್ಥ.

ಆ ಹೊತ್ತಿಗೆ ಮಗಳ ಸಿಇಟಿ ಅರ್ಜಿ ತುಂಬುವುದು ಬಾಕಿಯಿತ್ತು. ಆ ವರ್ಷ ಪಿಯುಸಿ ಪರೀಕ್ಷೆಯೇ ರದ್ದಾಗಿತ್ತು. ಎಂಜಿನಿಯರಿಂಗ್, ಕೃಷಿ, ಫಾರ್ಮಸಿ ಯಾವುದೇ ಆದರೂ ಆಗಸ್ಟ್ ಕೊನೆಗೆ ನಡೆಯುವ ಸಿಇಟಿಯ ಅಂಕವೇ ಆಧಾರ ಎಂದು ಸರಕಾರ ಹೇಳಿತ್ತು. ಫೋಟೋ, ಸಹಿ, ಜಾತಿ ಆದಾಯದ ಪತ್ರ ಎಲ್ಲ ಕಂಪ್ಯೂಟರಿನಲ್ಲೇ ಇದ್ದವು. ಸೈಬರ್ ಅಂಗಡಿಗೆ ಹೋಗಬಹುದಿತ್ತು. ಆದರೆ ಅಮ್ಮಿಗೆ ಕರೋನಾ ಬಂದುಹೋಗಿ ಮೂರು ವಾರವೂ ಆಗಿರಲಿಲ್ಲ. ಜನ ಕಿಕ್ಕಿರಿದ ಅಂಗಡಿಗೆ ಮಗಳನ್ನು ಕಳಿಸಲು ಮನಸ್ಸು ಬರಲಿಲ್ಲ.

ನಮ್ಮ ರಿಪೇರಿ ಶುರುವಾಯಿತು. ರೂಟರ್ ಆರಿಸಿ ಹಾಕಿದೆವು. ಕಂಪ್ಯೂಟರ್ ಆರಿಸಿ ಹಾಕಿದೆವು. ಹೂವಿನಹಡಗಲಿಯಲ್ಲಿರುವ ಆಪಾ ಫೋನಿನಲ್ಲಿ, "ನಿಮ್ಮ ಗೋಡೆ ದಪ್ಪ, ರೂಟರ್ ಎತ್ತರಕ್ಕಿಡಿ" ಅಂದಳು. ಅವಳ ಮಾತಿಗೆ ಆಧಾರವಿತ್ತು. ಮನೆಗಳಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ವೈ-ಫೈ ಅಲೆ ಎರಡು ಬಗೆಯದು. 2.4 ಗಿಗಾಹರ್ಟ್ಸಿನದು ಗೋಡೆ ದಾಟಿ ಸ್ವಲ್ಪ ದೂರ ಹೋಗುತ್ತದೆ, ವೇಗ ಕಡಿಮೆ. 5 ಗಿಗಾಹರ್ಟ್ಸಿನದು ವೇಗವಾಗಿ ಓಡುತ್ತದೆ, ಆದರೆ ದಪ್ಪ ಗೋಡೆಗೆ ಬಡಿದು ಸೋಲುತ್ತದೆ. ಮಳೆ ಕುಡಿದ ಮಣ್ಣಿನ ಗೋಡೆ ಇನ್ನೂ ಕಷ್ಟ, ಏಕೆಂದರೆ ನೀರು ಈ ಅಲೆಗಳನ್ನು ಹೀರಿಕೊಳ್ಳುತ್ತದೆ. ರೂಟರನ್ನು ಅಬ್ಬಾನ ಕಿತಾಬಿನ ಕಪಾಟಿನ ಮೇಲಕ್ಕೇರಿಸಿದೆವು. ಡಾಂಗಲನ್ನು ಕಬ್ಬಿಣದ ಡಬ್ಬಿಯ ಬೆನ್ನಿನಿಂದ ತೆಗೆದು ಮುಂದೆ ಚುಚ್ಚಿದೆವು. ಮೂರಿದ್ದ ಕಡ್ಡಿ ನಾಲ್ಕಾಯಿತು. ಎಚ್ಚರಿಕೆ ಮಾತ್ರ ಹೋಗಲಿಲ್ಲ.

ಕೂಡ್ಲಿಗಿಯ ನಮ್ಮ ಖಾಲಾನ ಮಗ, "ಕಂಬದ ವೈರು ನೋಡಿ, ನಮ್ಮ ಕಡೆ ಕೋತಿಗಳು ಜೋಕಾಲಿ ಆಡಿ ಹರಿದುಹಾಕ್ತಾವೆ" ಅಂದ. ಮಗ ಮಾಳಿಗೆ ಹತ್ತಿ ನೋಡಿದ. ವೈರು ನೆಟ್ಟಗಿತ್ತು. ಲೈನು ಕೊಟ್ಟವರಿಗೆ ಫೋನ್ ಮಾಡಿದೆವು. ನಮ್ಮ ಕಡೆಯಿಂದ ಎಲ್ಲ ಸರಿಯಿದೆ ಎಂದರು. ಅವರು ಯಾವಾಗ ಕೇಳಿದರೂ ಹಾಗೇ ಹೇಳುವವರಾದ್ದರಿಂದ ನಾವು ನಂಬಲಿಲ್ಲ. ಆ ಸಲ ಅವರು ಹೇಳಿದ್ದು ನಿಜವಾಗಿತ್ತು.

ಎರಡನೇ ದಿನ ಬೆಳಿಗ್ಗೆ, ನಾವು ಕಂಪ್ಯೂಟರಿನ ಮುಂದೆ ತಲೆ ಚಚ್ಚಿಕೊಳ್ಳುತ್ತಿರುವಾಗ, ಕಟ್ಟೆಯಿಂದ ವಿಜ್ಞಾನದ ಪಾಠ ಕೇಳಿಬಂತು. ಒಂದು ಮಾತೂ ತುಂಡಾಗದೆ, ಸ್ವಚ್ಛವಾಗಿ. ಕಿಟಕಿಯಿಂದ ನೋಡಿದರೆ ಹುಡುಗ ಫೋನನ್ನು ಕಂಬಕ್ಕೆ ಒರಗಿಸಿಟ್ಟು ಬರೆದುಕೊಳ್ಳುತ್ತಿದ್ದಾನೆ. ನಮ್ಮ ನೆಟ್ ಅವನಿಗೆ ಬರುತ್ತಿದೆ, ನಮಗೆ ಬರುತ್ತಿಲ್ಲ!

ಆ ಕ್ಷಣದಲ್ಲಿ ಸರಿಯಾಗಿ ಯೋಚಿಸಿದ್ದರೆ ಅಲ್ಲಿಗೇ ಅರ್ಧ ಉತ್ತರ ಸಿಗುತ್ತಿತ್ತು. ಅವನಿಗೆ ಬರುತ್ತಿದೆ ಎಂದರೆ ವೈರು ಸರಿಯಿದೆ, ರೂಟರ್ ಸರಿಯಿದೆ, ದೋಷ ನಮ್ಮ ಕಂಪ್ಯೂಟರಿನಲ್ಲೇ ಇದೆ ಎಂದು ಅರ್ಥ. ನಮ್ಮ ತಲೆ ಆ ಕಡೆ ಹೋಗಲಿಲ್ಲ. ಭಾಯಿಜಾನ್ ಮಾತು ಎದ್ದು ಕೂತಿತು. ತೆರೆಯ ಮೇಲೆ ದಾಳಿಕೋರರು, ಕದಿಯುವುದು ಎಂಬ ಶಬ್ದಗಳಿದ್ದವು. ಎರಡೂ ಸೇರಿ ನಮ್ಮೊಳಗೆ ಒಂದು ಕತೆ ತಯಾರಾಯಿತು. ಕತೆ ಕಟ್ಟುವುದು ನಮ್ಮ ಕಸುಬೇ ಆಗಿರುವುದರಿಂದ ಅದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

ಆ ರಾತ್ರಿ ಮಗ ತನ್ನ ಫೋನಿನಿಂದ ರೂಟರಿನ ಪುಟ ತೆರೆದ. 192.168.1.1 ಎಂದು ಒತ್ತಿದರೆ ಬರುವ ಪುಟ. ಅಲ್ಲಿ ಯಾವ ಯಾವ ಯಂತ್ರಗಳು ಸಂಪರ್ಕದಲ್ಲಿವೆ ಎಂಬ ಪಟ್ಟಿಯಿತ್ತು. ಏಳು ಇದ್ದವು. ನಮ್ಮ ಮೂರು ಫೋನು, ಒಂದು ಕಂಪ್ಯೂಟರು, ಹುಡುಗನದೊಂದು ಎಂದು ಎಣಿಸಿದೆವು. ಉಳಿದ ಎರಡು ಯಾರವು? ಹೆಸರಿಲ್ಲ, ಬರೀ ಅಂಕಿ ಅಕ್ಷರಗಳ ಸರಪಳಿ. ಹುಡುಗ ಗೆಳೆಯರಿಗೆ ಪಾಸ್‌ವರ್ಡ್ ಹಂಚಿದ್ದಾನೆ ಎಂದು ತೀರ್ಮಾನಿಸಿದೆವು. ಭಾಯಿಜಾನ್‌ಗೆ ಫೋನ್ ಮಾಡಿದಾಗ ಅವರು, "ಹೇಳಲಿಲ್ಲವಾ?" ಅಂದರು, ಅಷ್ಟೆ.

ರಾತ್ರಿ ಹತ್ತೂವರೆಗೆ ಪಾಸ್‌ವರ್ಡ್ ಬದಲಿಸಿದೆವು. ಮಗಳು ಮಾತ್ರ, "ಅವನಿಗೆ ಒಂದು ಮಾತು ಕೇಳದೇನಾ?" ಎಂದಳು. ಆಮೇಲೆ ಹೇಳಿದರಾಯಿತು ಎಂದೆವು. ಅಮ್ಮಿ ಮಲಗಿದ್ದರು. ಅವರಿಗೆ ಹೇಳಲಿಲ್ಲ. ಹೇಳಿದರೆ ಒಪ್ಪುತ್ತಿರಲಿಲ್ಲ ಎಂದು ಗೊತ್ತಿತ್ತು.

ಮರುದಿನ ಎಂಟಕ್ಕೆ ಹುಡುಗ ಬಂದ. ಕೂತ. ಫೋನು ನೋಡಿದ. ಎದ್ದು ಕಟ್ಟೆಯ ಆ ತುದಿಗೆ ಹೋದ. ಫೋನನ್ನು ಮೇಲೆತ್ತಿ ಹಿಡಿದ. ಮತ್ತೆ ಈ ತುದಿಗೆ ಬಂದ. ಹತ್ತು ನಿಮಿಷ ಹಾಗೇ ಕೂತಿದ್ದು ನೋಟ್‌ಬುಕ್ಕು ಮುಚ್ಚಿಕೊಂಡು ಹೋದ. ನಾವು ಕಿಟಕಿಯ ಹಿಂದೆ ನಿಂತು ನೋಡಿದೆವು. ಬಾಗಿಲು ತೆರೆಯಲಿಲ್ಲ. ಹೀಗೆ ಮೂರು ದಿನ ಬಂದು ಹೋದ. ನಾಲ್ಕನೇ ದಿನದಿಂದ ಬರಲಿಲ್ಲ. ಅವನ ಪರೀಕ್ಷೆ ಜುಲೈ 19ಕ್ಕೆ ಶುರುವಾಗುವುದಿತ್ತು.

ಆ ಕಾಲದಲ್ಲಿ ನೆಟ್ ಎಂದರೆ ಏನಾಗಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ಅದೇ ಜೂನ್ ತಿಂಗಳಲ್ಲಿ ಸುಳ್ಯ ತಾಲೂಕಿನ ಬಳ್ಳಕದಲ್ಲಿ ಒಬ್ಬ ವಿದ್ಯಾರ್ಥಿನಿ ಸುರಿವ ಮಳೆಯಲ್ಲಿ ರಸ್ತೆ ಬದಿ ಕೂತು ಪಾಠ ಕೇಳುವ, ತಂದೆ ಕೊಡೆ ಹಿಡಿದು ನಿಂತಿರುವ ಚಿತ್ರ ಪತ್ರಿಕೆಗಳಲ್ಲಿ ಬಂದಿತ್ತು. ಅದನ್ನು ನೋಡಿ ನಾವೂ ಕಣ್ಣೊರೆಸಿಕೊಂಡಿದ್ದೆವು. ಕರೋನಾಕ್ಕೂ ಮೊದಲೇ, 2019ರ ಸೆಪ್ಟೆಂಬರಿನಲ್ಲಿ, ಫಹೀಮಾ ಶಿರಿನ್ ಎಂಬ ವಿದ್ಯಾರ್ಥಿನಿಯ ಪ್ರಕರಣದಲ್ಲಿ ಕೇರಳ ಹೈಕೋರ್ಟು ಇಂಟರ್‌ನೆಟ್ ಬಳಕೆಯು ಶಿಕ್ಷಣದ ಹಕ್ಕಿನ ಭಾಗ, ಖಾಸಗಿತನದ ಹಕ್ಕಿನ ಭಾಗ ಎಂದು ಹೇಳಿತ್ತು. ಹಾಸ್ಟೆಲ್ಲಿನಲ್ಲಿ ಸಂಜೆ ಹೊತ್ತು ಮೊಬೈಲ್ ಬಳಸಬಾರದೆಂಬ ನಿಯಮವನ್ನು ಆ ಹುಡುಗಿ ಪ್ರಶ್ನಿಸಿದ್ದಳು. ಆ ತೀರ್ಪನ್ನು ನಾವು ಓದಿ ಹೊಗಳಿದ್ದೆವು. ಈಗ ಒಬ್ಬ ಹಮಾಲಿಯ ಮಗನ ಪಾಠವನ್ನು ಪರೀಕ್ಷೆಯ ಹೊಸ್ತಿಲಲ್ಲಿ, ಹೇಳದೆ ಕೇಳದೆ, ನಾವೇ ನಿಲ್ಲಿಸಿದ್ದೆವು.

ಪಾಸ್‌ವರ್ಡ್ ಬದಲಾಯಿತು, ಹುಡುಗ ಹೋದ, ಕಂಪ್ಯೂಟರ್ ಹಾಗೇ ಇತ್ತು. ಅದೇ ಕೆಂಪು ಗುರುತು, ಅದೇ ಎಚ್ಚರಿಕೆ. ಪಟ್ಟಿಯಲ್ಲಿ ಈಗ ಆರು ಯಂತ್ರಗಳಿದ್ದವು. ಅಂದರೆ ಆ ಗುರುತಿಲ್ಲದ ಎರಡು ಹಾಗೇ ಉಳಿದಿದ್ದವು. ಹೊಸ ಪಾಸ್‌ವರ್ಡ್ ನಮ್ಮ ಹೊರತು ಯಾರಿಗೂ ಗೊತ್ತಿರಲಿಲ್ಲ. ಮಗಳು ಒಂದೊಂದನ್ನೇ ಆರಿಸಿ ಪಟ್ಟಿಗೆ ತಾಳೆ ನೋಡಿದಳು. ಒಂದು ನಮ್ಮದೇ ಟಿವಿ. ಇನ್ನೊಂದು ಅಮ್ಮಿ ತಿಲಾವತ್ ಕೇಳುವ ಹಳೇ ಫೋನು, ತಲೆದಿಂಬಿನ ಕೆಳಗೆ ಸದಾ ಹೊತ್ತಿಕೊಂಡೇ ಇರುತ್ತಿದ್ದದ್ದು. ಅಮ್ಮಿಗೆ ಬೇಸರವಾಗದಿರಲೆಂದು ಮಗ ಅದಕ್ಕೆ ಹೊಸ ಪಾಸ್‌ವರ್ಡನ್ನೂ ಹಾಕಿಕೊಟ್ಟಿದ್ದ. ಹೆಸರಿನ ಬದಲು ಅಂಕಿಗಳು ಕಾಣುವುದು ಪಟ್ಟಿಯಲ್ಲಿ ಮಾಮೂಲು. 2019ರಿಂದೀಚಿನ ಆಂಡ್ರಾಯ್ಡ್ ಫೋನುಗಳಂತೂ ಯಾರೂ ಜಾಡು ಹಿಡಿಯದಿರಲೆಂದು ಒಂದೊಂದು ವೈ-ಫೈಗೆ ಒಂದೊಂದು ತೋರಿಕೆಯ ವಿಳಾಸ ಕೊಡುತ್ತವೆ. ಇದೆಲ್ಲ ಆಗ ನಮಗೆ ತಿಳಿದಿರಲಿಲ್ಲ. ಕಳ್ಳರೆಂದು ನಾವು ಎಣಿಸಿದ ಎರಡೂ ನಮ್ಮ ಮನೆಯೊಳಗೇ ಇದ್ದವು.

ಮಗಳು ನಮ್ಮ ಮುಖ ನೋಡಿದಳು. ಯಾರೂ ಮಾತಾಡಲಿಲ್ಲ. ಆದರೂ ಕೂಡಲೇ ಎದ್ದು ಪಕ್ಕದ ಮನೆಗೆ ಹೋದೆವಾ? ಇಲ್ಲ. ಮೊದಲು ಕಂಪ್ಯೂಟರ್ ಸರಿಯಾಗಲಿ ಎಂದುಕೊಂಡೆವು. ಹೀಗೆ ಇನ್ನೂ ಎರಡು ದಿನ ಹೋದವು.

ಕೊನೆಗೆ ಹಗರಿಬೊಮ್ಮನಹಳ್ಳಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಪರಿಚಯದವರೊಬ್ಬರಿಗೆ ಫೋನ್ ಮಾಡಿದೆವು. ನಾವು ಕಳ್ಳತನ, ದಾಳಿ ಎಂದು ಶುರುಮಾಡಿದರೆ ಅವರು ಅರ್ಧಕ್ಕೇ ತಡೆದರು.

"ಅದೆಲ್ಲ ಇರ್ಲಿ ಬಿಡ್ರಿ. ಫೋನ್‌ನ್ಯಾಗ ಮೊಬೈಲ್ ಡಾಟಾ ಬಂದ್ ಮಾಡಿ, ಬರೀ ವೈ-ಫೈ ಮ್ಯಾಲೆ ನೆಟ್ ಬರ್ತೈತೇನು ನೋಡ್ರಿ."

ಬರುತ್ತಿತ್ತು.

"ಹಂಗಾರ ಲೈನ್ ಚಲೋ ಐತಿ, ರೂಟರ್ ಚಲೋ ಐತಿ. ಇನ್ನ ಅವುಗಳ ತಂಟೆಗೆ ಹೋಗಬ್ಯಾಡ್ರಿ. ಈಗ ಕಂಪ್ಯೂಟರ್‌ನ್ಯಾಗ ಪಿಂಗ್ ಹೊಡೀರಿ."

ಪಿಂಗ್ ಎಂದರೆ ಕೂಗಿ ನೋಡುವುದು. ಕಪ್ಪು ಕಿಟಕಿಯೊಂದನ್ನು ತೆರೆದು ಪಿಂಗ್ ಎಂದು ಬರೆದು, ಮುಂದೆ ವಿಳಾಸ ಕೊಟ್ಟರೆ, ಕಂಪ್ಯೂಟರು ಆ ವಿಳಾಸಕ್ಕೆ ನಾಲ್ಕು ಸಲ ಓಗೊಡುತ್ತದೆ. ಅತ್ತಲಿಂದ ಉತ್ತರ ಬಂದರೆ ಅಲ್ಲಿಯವರೆಗೆ ದಾರಿ ಸರಿಯಿದೆ ಎಂದರ್ಥ. ಮೊದಲು ರೂಟರಿನ ವಿಳಾಸಕ್ಕೆ ಕೂಗಿಸಿದರು. ನಾಲ್ಕಕ್ಕೆ ನಾಲ್ಕು ಉತ್ತರ. ಗೋಡೆ ದಾಟಿ ವೈ-ಫೈ ಹೋಗುತ್ತಿದೆ. ಆಮೇಲೆ ಹೊರಜಗತ್ತಿನ ವಿಳಾಸ, 8.8.8.8. ಅದಕ್ಕೂ ನಾಲ್ಕು ಉತ್ತರ. ಊರು ದಾಟಿಯೂ ಹೋಗುತ್ತಿದೆ. ನಂತರ ಅಂಕಿಯ ಬದಲು ತಾಣದ ಹೆಸರು ಕೊಟ್ಟು ಕೂಗಿಸಿದರು. ಹೆಸರು ಕೊಟ್ಟರೆ ಕಂಪ್ಯೂಟರು ಅದನ್ನು ಅಂಕಿಯ ವಿಳಾಸಕ್ಕೆ ತಿರುಗಿಸಿಕೊಳ್ಳಬೇಕು, ಟೆಲಿಫೋನ್ ಡೈರೆಕ್ಟರಿ ನೋಡಿದ ಹಾಗೆ. ಅದೂ ಸರಿಯಾಯಿತು. ಮನೆಯಿಂದ ಒಂದೊಂದೇ ಹೆಜ್ಜೆ ಹೊರಗೆ ನಡೆದು, ಎಲ್ಲಿ ದಾರಿ ತುಂಡಾಗಿದೆ ಎಂದು ನೋಡುವ ಈ ಕ್ರಮ ಎಷ್ಟು ಸರಳ! ನಾವು ಅಷ್ಟು ದಿನ ಒಮ್ಮೆ ಗೋಡೆಗೆ, ಒಮ್ಮೆ ಕಂಬಕ್ಕೆ, ಒಮ್ಮೆ ಪಕ್ಕದ ಮನೆಗೆ ಹಾರುತ್ತಿದ್ದೆವು.

"ದಾರಿ ಎಲ್ಲ ಚಲೋ ಐತಿ. ಈಗ ತೆರಿ ಕೆಳಗ ಬಲಗಡಿ ಮೂಲ್ಯಾಗ ತಾರೀಖು ಏನೈತಿ, ಓದ್ರಿ."

ಮಗಳು ಬಗ್ಗಿ ಓದಿದಳು. 2010ನೇ ಇಸವಿ, ಜನವರಿ 1.

ಅತ್ತಲಿಂದ ನಗು ಕೇಳಿಸಿತು. "ಸೆಲ್ ಸತ್ತೈತ್ರಿ, ಮೂವತ್ತು ರೂಪಾಯಿದು."

ಕಂಪ್ಯೂಟರಿನ ಹೊಟ್ಟೆಯೊಳಗೆ ಒಂದು ಪುಟ್ಟ ಗುಂಡಿ ಸೆಲ್ ಇರುತ್ತದೆ. ಸಿಆರ್ 2032 ಎಂದು ಅದರ ಹೆಸರು. ಇಪ್ಪತ್ತು ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, ಹೆಸರಿನಲ್ಲೇ ಅಳತೆಯಿದೆ. ಕರೆಂಟು ಪೂರ್ತಿ ಹೋದಾಗಲೂ ಯಂತ್ರದ ಗಡಿಯಾರ ನಡೆಯುವಂತೆ ನೋಡಿಕೊಳ್ಳುವುದು ಅದರ ಕೆಲಸ. ಅದು ಸತ್ತಿದ್ದರಿಂದ ಆ ಮಳೆಯ ರಾತ್ರಿ ಕರೆಂಟು ಹೋದಾಗ ಗಡಿಯಾರ ತನ್ನ ಹುಟ್ಟಿದ ಕಾಲಕ್ಕೆ ಹಿಂದಿರುಗಿತ್ತು. ಕಪ್ಪು ತೆರೆಯ ಮೇಲಿನ ಬಿಳಿ ಅಕ್ಷರ ಹೇಳುತ್ತಿದ್ದದ್ದು ಅದನ್ನೇ. ನಾವು ಓದದೆ ಎಫ್1 ಒತ್ತುತ್ತಿದ್ದೆವು.

ತಾರೀಖು ತಪ್ಪಿದರೆ ನೆಟ್ ಯಾಕೆ ನಿಲ್ಲಬೇಕು? ಅದನ್ನೂ ಅವರೇ ಬಿಡಿಸಿ ಹೇಳಿದರು. ಇಂದಿನ ತಾಣಗಳೆಲ್ಲ ತಾವು ಅಸಲಿ ಎಂದು ತೋರಿಸಲು ಒಂದು ಪ್ರಮಾಣಪತ್ರ ಹಿಡಿದಿರುತ್ತವೆ. ಅದರ ಮೇಲೆ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಬರೆದಿರುತ್ತದೆ. 2010ರಲ್ಲಿ ಕೂತ ನಮ್ಮ ಕಂಪ್ಯೂಟರಿನ ಕಣ್ಣಿಗೆ 2021ರ ಪ್ರಮಾಣಪತ್ರಗಳೆಲ್ಲ ಇನ್ನೂ ಜಾರಿಗೇ ಬಾರದ ಕಾಗದಗಳು. ಆದ್ದರಿಂದ ಎದುರಿಗೆ ಬಂದವರನ್ನೆಲ್ಲ ಅದು ಕಳ್ಳರೆಂದು ಸಾರುತ್ತಿತ್ತು. ಎಚ್ಚರಿಕೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಡೇಟ್ ಇನ್‌ವ್ಯಾಲಿಡ್ ಎಂದೂ ಇತ್ತು. ದಾಳಿಕೋರರು ಎಂಬ ಶಬ್ದವನ್ನು ಓದಿದ ನಾವು ಅದನ್ನು ಓದಿರಲಿಲ್ಲ. ನೆಟ್ ಬಂದ ಕೂಡಲೇ ಕಂಪ್ಯೂಟರು ಗಡಿಯಾರ ತಿದ್ದಿಕೊಳ್ಳಬೇಕಲ್ಲವೇ ಎಂದು ಮಗ ಕೇಳಿದ. ಸಣ್ಣಪುಟ್ಟ ವ್ಯತ್ಯಾಸವಾದರೆ ತಿದ್ದಿಕೊಳ್ಳುತ್ತದೆ, ಮನೆಗಳಲ್ಲಿರುವ ವಿಂಡೋಸ್ ಹದಿನೈದು ಗಂಟೆಗಿಂತ ಹೆಚ್ಚು ಅಂತರವಿದ್ದರೆ ತಾನಾಗಿ ಮುಟ್ಟುವುದಿಲ್ಲ ಎಂದರು.

ಕೊಟ್ಟೂರಿನ ವಾಚ್ ರಿಪೇರಿ ಅಂಗಡಿಯಲ್ಲೇ ಸೆಲ್ ಸಿಕ್ಕಿತು. ಹಾಕಿ, ತಾರೀಖು ತಿದ್ದುವ ಮೊದಲು ಅಮ್ಮಿ ಒಂದು ಗಳಿಗೆ ತೆರೆಯ ಮುಂದೆ ನಿಂತರು. "2010 ಅಂದರೆ ನಿಮ್ಮ ಅಬ್ಬಾ ಇದ್ದರಲ್ಲ" ಎಂದರು. ಹೌದು. ಆ ಕಂಪ್ಯೂಟರಿನ ಲೆಕ್ಕದಲ್ಲಿ ಅಬ್ಬಾ ಬದುಕಿದ್ದರು. ಕೊಟ್ಟೂರು ಇನ್ನೂ ತಾಲೂಕಾಗಿರಲಿಲ್ಲ, ಹರಪನಹಳ್ಳಿ ದಾವಣಗೆರೆ ಜಿಲ್ಲೆಯಲ್ಲಿತ್ತು, ಕೂಡ್ಲಿಗಿಯ ಹೆದ್ದಾರಿಯಲ್ಲಿ ಅದಿರಿನ ಲಾರಿಗಳು ಸಾಲುಗಟ್ಟಿದ್ದವು, ಕರೋನಾದ ಹೆಸರನ್ನು ಯಾರೂ ಕೇಳಿರಲಿಲ್ಲ. ಹುಡುಗ ನಾಲ್ಕೈದು ವರ್ಷದವನು, ನಮ್ಮ ಅಂಗಳದಲ್ಲೇ ಬಿದ್ದು ಆಡುತ್ತಿದ್ದ. ಅಬ್ಬಾ ಅವನಿಗೆ ಕಲ್ಲುಸಕ್ಕರೆ ಕೊಡುತ್ತಿದ್ದರು. ತಾರೀಖು ಬದಲಿಸಿದೆವು. ಎಲ್ಲ ತಾಣಗಳೂ ಒಮ್ಮೆಲೇ ತೆರೆದವು. ಆ ಸಂಜೆಯೇ ಮಗಳ ಅರ್ಜಿ ಹೋಯಿತು.

ಅಮ್ಮಿಗೆ ಎಲ್ಲವನ್ನೂ ಹೇಳಬೇಕಾಯಿತು. ಅವರು ಬೈಯಲಿಲ್ಲ. "ಬದ್‌ಗುಮಾನಿ" ಎಂದು ಒಂದೇ ಮಾತು ಹೇಳಿ ವಜೂ ಮಾಡಲು ಎದ್ದರು.

ಉರ್ದು ಶಾಲೆಯಲ್ಲಿ ಅಲಿಫ್ ಬೇ ಕಲಿತು, ಆಮೇಲೆ ಕನ್ನಡ ಶಾಲೆಗೆ ಹೋದ ನಮಗೆ ಈ ಶಬ್ದ ಎರಡು ಕಡೆಯಿಂದಲೂ ಗೊತ್ತು. ಉರ್ದುವಿನಲ್ಲಿ ಗುಮಾನ್ ಎಂದರೆ ಊಹೆ, ಅಷ್ಟೆ. ಊಹೆ ಒಳ್ಳೆಯದೂ ಇರಬಹುದು, ಕೆಟ್ಟದ್ದೂ ಇರಬಹುದು. ಒಳ್ಳೆಯದಾದರೆ ನೇಕ್ ಗುಮಾನ್, ಕೆಟ್ಟದ್ದಾದರೆ ಬದ್‌ಗುಮಾನಿ. ಅದೇ ಶಬ್ದ ಕನ್ನಡಕ್ಕೆ ಬಂದು ಗುಮಾನಿಯಾದಾಗ ಒಳ್ಳೆಯ ಅರ್ಥ ದಾರಿಯಲ್ಲೆಲ್ಲೋ ಬಿದ್ದುಹೋಯಿತು, ಶಂಕೆ ಮಾತ್ರ ಉಳಿಯಿತು. ಊಹೆಗಳಿಂದ ದೂರವಿರಿ, ಕೆಲವು ಊಹೆಗಳು ಪಾಪ ಎಂಬ ಅರ್ಥದ ಮಾತು ಸೂರಾ ಹುಜುರಾತ್‌ನಲ್ಲಿದೆ. ಜುಮಾ ಬಯಾನುಗಳಲ್ಲಿ ಅದನ್ನು ಎಷ್ಟು ಸಲ ಕೇಳಿದ್ದೇವೋ. ಕೇಳುವಾಗೆಲ್ಲ ನಮ್ಮನ್ನು ಶಂಕಿಸುವವರ ನೆನಪಾಗುತ್ತಿತ್ತು. ಬಾಡಿಗೆ ಮನೆ ಕೇಳಲು ಹೋದಾಗ ಹೆಸರು ಕೇಳಿ ಬಾಗಿಲು ಎಳೆದುಕೊಂಡವರು, ಬಸ್ಸಿನಲ್ಲಿ ಚೀಲವನ್ನು ಎರಡು ಸಲ ನೋಡಿದವರು. ಅದರ ಮೇಲೆ ಕತೆಗಳನ್ನೂ ಬರೆದಿದ್ದೇವೆ. ಆ ಮಾತು ನಮಗೂ ಹೇಳಿದ್ದು ಎಂದು ಒಮ್ಮೆಯೂ ಅನ್ನಿಸಿರಲಿಲ್ಲ.

ಭಾಯಿಜಾನ್ ಭಯವನ್ನು ಈಗಲೂ ಪೊಳ್ಳು ಎನ್ನಲಾರೆವು. ಅದಕ್ಕೆ ಕಾರಣಗಳಿವೆ, ಆ ಕಾರಣಗಳನ್ನು ಹುಟ್ಟಿಸಿದವರು ನಾವಲ್ಲ. ಆದರೆ ಹೊರಗಿನವರು ನಮ್ಮೊಳಗೆ ಹಾಕಿದ ಭಯವನ್ನು ನಾವು ಇಳಿಸಿದ್ದು ಯಾರ ಮೇಲೆ? ನಮ್ಮನ್ನು ಎಂದೂ ಶಂಕಿಸದ, ನಮ್ಮ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತ ಬೆಳೆದ ಒಬ್ಬ ಬಡ ಹುಡುಗನ ಮೇಲೆ.

ಹೊಸ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದುಕೊಂಡು ಪಕ್ಕದ ಮನೆಗೆ ಹೋದೆವು. ಅವನ ತಾಯಿ ರೊಟ್ಟಿ ಬಡಿಯುತ್ತಿದ್ದಳು.

"ನಿಮ್ಮ ನೆಟ್ ಸರಿಹೋತೇನ್ರಿ?" ಎಂದು ಅವಳೇ ಕೇಳಿದಳು. "ಪಾಪ, ಅವರ ನೆಟ್ ಕೆಟ್ಟೈತಬೇ ಅಂತಿದ್ದ. ಪರೀಕ್ಷಿ ಬಂತು ಅಂತ ಸೋದರಮಾವನ ಊರಿಗೆ ಹೋಗ್ಯಾನ್ರಿ. ಅಲ್ಲಿ ಗುಡ್ಡದ ಮ್ಯಾಲೆ ಸಿಗ್ನಲ್ ಬರ್ತೈತಂತ."

ಹೌದು, ಈಗ ಸರಿಹೋಯಿತು ಎಂದೆವು. ಇನ್ನೇನೂ ಹೇಳಲಾಗಲಿಲ್ಲ. ಅವಳು ಕೊಟ್ಟ ಎರಡು ಬಿಸಿ ರೊಟ್ಟಿ ಹಿಡಿದುಕೊಂಡು ಬಂದೆವು.

ಜುಲೈ 19 ಮತ್ತು 22, ಎರಡೇ ದಿನ ಆ ವರ್ಷದ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯಿತು. ಉತ್ತರ ಬರೆಯುವುದಿಲ್ಲ, ಸರಿಯಾದ ಗುಂಡಿಗೆ ಮಸಿ ತುಂಬುವುದು. ನಡುವೆ 21ಕ್ಕೆ ನಮ್ಮ ಬಕ್ರೀದ್. ಆ ಹುಡುಗನಿಲ್ಲದೆ ಅವರ ಮನೆಗೆ ಶೀರ್‌ಖುರ್ಮಾ ಕಳಿಸಿದ್ದು ಅದೇ ಮೊದಲು. ಆ ಸಲ ಹೆಚ್ಚುಕಡಿಮೆ ರಾಜ್ಯದ ಎಲ್ಲ ಮಕ್ಕಳೂ ಪಾಸಾದರು, ಅವನೂ ಆದ. ಹಾಗಾಗಿ ನಮ್ಮಿಂದೇನೂ ನಷ್ಟವಾಗಲಿಲ್ಲ ಎಂದು ಸಮಾಧಾನ ಹೇಳಿಕೊಳ್ಳಬಹುದಿತ್ತು. ಎಷ್ಟು ಅಂಕ ಬಂತೆಂದು ಕೇಳುವ ಧೈರ್ಯ ನಮಗಾಗಲಿಲ್ಲ.

ಕೆಲವು ತಿಂಗಳ ನಂತರ, ಅವನು ಐಟಿಐ ಸೇರಿ ರಜೆಗೆ ಬಂದಿದ್ದಾಗ, ಕಟ್ಟೆಯ ಮೇಲೆ ಕೂರಿಸಿಕೊಂಡು ನಡೆದದ್ದನ್ನು ಹೇಳಿದೆವು. ಪೂರ್ತಿ ಕೇಳಿಸಿಕೊಂಡ. ಆಮೇಲೆ ನೆಲ ನೋಡುತ್ತ ಹೇಳಿದ, "ಗೊತ್ತಿತ್ರೀ. ನೆಟ್ ಕೆಟ್ರ ಬ್ಯಾರೆ ತೋರಸ್ತೈತಿ. ಅವತ್ತು ಪಾಸ್‌ವರ್ಡ್ ತಪ್ಪು ಅಂತ ತೋರಸ್ತಿತ್ತು."

"ಮತ್ತೆ ಅಮ್ಮನಿಗೆ ನೆಟ್ ಕೆಟ್ಟಿದೆ ಅಂತ ಯಾಕೆ ಹೇಳಿದೆ?"

"ಅವ್ವ ನಿಮ್ಮ ಮನಿಗೆ ಬರೋದು ಬಿಡ್ತಿದ್ಲು" ಎಂದ. ಸ್ವಲ್ಪ ಹೊತ್ತಾದ ಮೇಲೆ, "ನಿಮಗೂ ಏನೋ ತ್ರಾಸ ಇದ್ದಿರಬೇಕು ಅನಕೊಂಡೆ" ಎಂದ.

ಕನ್ನಡದಲ್ಲಿ ಬಿದ್ದುಹೋಗಿದೆ ಎಂದು ನಾವು ತಿಳಿದಿದ್ದ ನೇಕ್ ಗುಮಾನ್ ಅವನ ಬಾಯಲ್ಲಿತ್ತು.

ಈಗ ನಮ್ಮ ರೂಟರಿನಲ್ಲಿ ಅತಿಥಿಗಳಿಗೆಂದು ಬೇರೆ ಹೆಸರಿನ ಸಂಪರ್ಕವಿದೆ. ಹೆಚ್ಚಿನ ರೂಟರುಗಳಲ್ಲಿ ಈ ಅನುಕೂಲ ಮೊದಲಿಂದಲೂ ಇರುತ್ತದೆ, ನಾವು ಹುಡುಕಿರಲಿಲ್ಲ ಅಷ್ಟೆ. ಅದಕ್ಕೆ ಪಾಸ್‌ವರ್ಡ್ ಬೇರೆ, ಮನೆಯ ಕಂಪ್ಯೂಟರಿನ ಒಳಗೆ ಅಲ್ಲಿಂದ ಇಣುಕಲಾಗದು. ಯಾರಿಗೆ ಕೊಟ್ಟಿದ್ದೇವೆ ಎಂದು ಮಗಳು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾಳೆ. ಭಾಯಿಜಾನ್‌ಗೂ ಅದನ್ನು ತೋರಿಸಿದೆವು. ಸ್ವಲ್ಪ ಹೊತ್ತು ಗೊಣಗಿ, "ಠೀಕ್ ಹೈ" ಅಂದರು. ಓಣಿಯ ನಾಲ್ಕೈದು ಮಕ್ಕಳು ಸಂಜೆ ಹೊತ್ತು ಕಟ್ಟೆಗೆ ಬರುತ್ತಾರೆ. ಒಮ್ಮೊಮ್ಮೆ ನೆಟ್ ಕೈಕೊಡುತ್ತದೆ. ಆಗ ಒಳಗಿನಿಂದ ಅಮ್ಮಿ ಕೂಗುತ್ತಾರೆ, "ಮೊದಲು ತಾರೀಖು ನೋಡಿ!"